ಓದುಗರ ಸ್ಪಂದನ: ನಡುಕ ನಿಂತಿದೆ, ಕೆಲ್ಸಕ್ಕೆ ಮಾತ್ರ ಹೋಗಲ್ಲ ಅಂತಾರೆ

ಹೋದ ಸಲದ ಸಮಸ್ಯೆ: ನನ್ನ ಗಂಡನಿಗೆ 52 ವರ್ಷ, ಸರ್ಕಾರಿ ಕಚೇರೀಲಿ ಎಫ್‌ಡಿಎ. ಪಾರ್ಕಿನ್ಸನ್ಸ್‌ಗೆ ಡಿಬಿಎಸ್ ಆಪರೇಷನ್ ಆಯ್ತು, ಅಂದ್ರೆ ಮೆದುಳಿಗೆ ತಂತಿ ಹಾಕಿ ಎದೇಲಿ ಬ್ಯಾಟರಿ ಇಟ್ಟು ಸಣ್ಣ ಕರೆಂಟ್ ಕೊಡೋದು, ಕೈ ನಡುಕ ನಿಂತಿದೆ. ಆದ್ರೆ ಆಫೀಸಿಗೆ ಹೋಗಲ್ಲ, ಯಾರ ಜೊತೆಗೂ ಬೆರೆಯಲ್ಲ, ಏನ್ ಕೇಳಿದ್ರೂ ಹೂಂ ಅಷ್ಟೆ. ನೆಂಟರೆಲ್ಲ ಸೋಮಾರಿತನ ಅಂತಾರೆ. ಏನ್ ಮಾಡ್ಲಿ?

*

ಮೇಡಂ, ನಂಗೂ ಡಿಬಿಎಸ್ ಆಗಿದೆ, ಬ್ಯಾಂಕ್ ಕೆಲ್ಸಕ್ಕೆ ವಾಪಸ್ ಹೋಗಿದೀನಿ, ಅದಕ್ಕೇ ಬರೀತಿದೀನಿ. ಮೊದ್ಲು ಆ ಸೋಮಾರಿತನ ಅನ್ನೋ ಮಾತು ಮನೇಲಿ ಯಾರ ಬಾಯಲ್ಲೂ ಬರದ ಹಾಗೆ ನೋಡ್ಕೊಳ್ಳಿ. ಆಪರೇಷನ್ ಆದ್ಮೇಲೆ ಸಿಂಡೋಪಾ ತರದ ಪಾರ್ಕಿನ್ಸನ್ಸ್ ಮಾತ್ರೆ ಕಡಿಮೆ ಮಾಡ್ತಾರಲ್ಲ, ಅದು ಕೆಲವರಿಗೆ ಜಾಸ್ತಿನೇ ಇಳಿದುಬಿಟ್ರೆ ಯಾವುದ್ರಲ್ಲೂ ಆಸಕ್ತಿ ಹುಟ್ಟಲ್ಲ, ಎದ್ದು ಸ್ನಾನ ಮಾಡೋಕೂ ಮನಸ್ಸಿರಲ್ಲ, ಡಾಕ್ಟ್ರು ಇದಕ್ಕೆ ಅಪಥಿ ಅಂತಾರೆ. ಡಿಪ್ರೆಶನ್ ಕೂಡ ಇರಬಹುದು. ಎರಡಕ್ಕೂ ಚಿಕಿತ್ಸೆ ಇದೆ. ಆದ್ರೆ ಪ್ರೋಗ್ರಾಮಿಂಗ್‌ಗೆ, ಅಂದ್ರೆ ಆ ಮಷೀನ್ ಸೆಟ್ಟಿಂಗ್ ಸರಿಮಾಡ್ಸೋಕೆ ಹೋದಾಗ ಕೈ ತೋರ್ಸಿ, ನಡೆದು ತೋರ್ಸಿ ಅನ್ನೋದ್ರಲ್ಲೇ ಟೈಮ್ ಮುಗಿಯುತ್ತೆ, ನಿಮ್ಮ ಯಜಮಾನ್ರು ತಾವಾಗೇ ಇದನ್ನ ಹೇಳೋದೂ ಇಲ್ಲ, ನೀವೇ ಜೊತೆಗೆ ಹೋಗಿ ಬಾಯಿಬಿಟ್ಟು ಹೇಳಿ. ಮಾತ್ರೆ ಮಾತ್ರ ನೀವಾಗೇ ಏರ್ಸೋದು ಇಳ್ಸೋದು ಮಾಡ್ಬೇಡಿ.

ಇನ್ನೊಂದು. 2006ರಲ್ಲಿ ಪ್ಯಾರಿಸ್‌ನ ಡಾಕ್ಟ್ರು ಆಪರೇಷನ್ ಆದ 29 ಜನರ ಬಗ್ಗೆ ಬರೆದಿದ್ರು. ಮೈ ಚೆನ್ನಾಗಿ ಆಡ್ತಿದ್ರೂ ಮೊದ್ಲು ಕೆಲ್ಸದಲ್ಲಿದ್ದ 16 ಜನರಲ್ಲಿ ವಾಪಸ್ ಹೋದೋರು 9 ಜನ ಮಾತ್ರ, ಗಂಡ ಹೆಂಡ್ತಿ ನಡುವೆ ಮನಸ್ತಾಪನೂ ಸುಮಾರು ಮನೆಗಳಲ್ಲಿ ಬಂದಿತ್ತು. ಅಂದ್ರೆ ನಿಮ್ಮ ಮನೆ ಒಂದೇ ಅಲ್ಲ. ಹಾಗಂತ ಆಪರೇಷನ್ ದಂಡ ಅಂದ್ಕೋಬೇಡಿ, ಜರ್ಮನಿ ಫ್ರಾನ್ಸ್‌ನಲ್ಲಿ ನಿಮ್ಮ ಯಜಮಾನ್ರ ವಯಸ್ಸಿನ ಆಸುಪಾಸಿನ 251 ಜನರನ್ನ ಎರಡು ವರ್ಷ ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬರೀ ಮಾತ್ರೆಯಲ್ಲಿದ್ದೋರಿಗಿಂತ ಆಪರೇಷನ್ ಆದೋರ ದಿನನಿತ್ಯದ ಬದುಕು ಸ್ಪಷ್ಟವಾಗಿ ಸುಧಾರಿಸಿತ್ತು.

– ಓದುಗ, ಶಿವಮೊಗ್ಗ

*

ನಾನು ಸರ್ಕಾರಿ ನೌಕರಿ ಮಾಡಿ ರಿಟೈರ್ ಆದವನು. ಬೇಸರದಲ್ಲಿ ಸ್ವಯಂ ನಿವೃತ್ತಿ ಅರ್ಜಿ ಬರೆಯೋಕೆ ಮಾತ್ರ ಬಿಡ್ಬೇಡಮ್ಮಾ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ಸ್ ಇದೆ. ಅದರ 20ನೇ ಸೆಕ್ಷನ್ ಪ್ರಕಾರ ಸರ್ವೀಸ್‌ನಲ್ಲಿರೋವಾಗ ವೈಕಲ್ಯ ಬಂದ್ರೆ ಸರ್ಕಾರಿ ನೌಕರನನ್ನ ತೆಗೆಯೋ ಹಾಗಿಲ್ಲ, ಹುದ್ದೆ ಇಳಿಸೋ ಹಾಗೂ ಇಲ್ಲ. ಈಗಿನ ಕೆಲ್ಸ ಕಷ್ಟ ಆದ್ರೆ ಅದೇ ಸಂಬಳಕ್ಕೆ ಬೇರೆ ಹುದ್ದೆ ಕೊಡಬೇಕು. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್‌ಗೆ ಅರ್ಜಿ ಹಾಕಿ, ಜನ ಬಂದು ನಿಲ್ಲೋ ಕೌಂಟರ್ ಬದ್ಲು ಫೈಲ್ ನೋಡೋ ಸೆಕ್ಷನ್ ಕೊಡಿ ಅಂತ ಬರವಣಿಗೆಯಲ್ಲೇ ಕೇಳಿ, ಬಾಯಿಮಾತಲ್ಲಿ ಬೇಡ.

– ಹಿರಿಯ ಓದುಗರು, ತುಮಕೂರು

*

ಅಕ್ಕಾರ, ನಮ್ಮ ಮನ್ಯಾಗೂ ಇದಾ ಪಾಡು ಇತ್ತು. ನಡುಕ ಹೋತು ಖರೆ, ನಮ್ಮ ಮನಿಯವರ ದನಿ ಸಣ್ಣ ಆತು, ಮದುವ್ಯಾಗ ಯಾರರೆ ಹೆಂಗದೀರಿ ಅಂತ ಕೇಳಿದ್ರ ಇವರು ಉತ್ತರ ಹೇಳೂದ್ರಾಗ ಅವರು ಮುಂದ ಹೋಗಿಬಿಡ್ತಿದ್ರು, ಅಂಥಾದ್ರಾಗ ಮತ್ತ ಯಾಕ ಮಂದ್ಯಾಗ ಹೋಗಬೇಕು ಅನಸ್ತದ ಹೇಳ್ರಿ. ಇದನ್ನ ಡಾಕ್ಟರಿಗೆ ಹೇಳಿದ ಮ್ಯಾಲೆ ಮಷೀನ್ ಸೆಟ್ಟಿಂಗ್ ಬದಲಿ ಮಾಡಿದ್ರು, ಸ್ಪೀಚ್ ಥೆರಪಿಗೂ ಕಳಸಿದ್ರು, ದನಿ ಮೊದಲಿನಂಗ ಆಗಿಲ್ಲ ಆದ್ರ ಫೋನಿನ್ಯಾಗ ತಿಳೀತದ ಈಗ. ನಿಮ್ಮವರ ದನಿ ಹೆಂಗೈತಿ ನೋಡ್ರಿ, ಮಾತು ಕಡಿಮಿ ಆಗಾಕ ಅದೂ ಕಾರಣ ಇರಬಹುದು. ದೊಡ್ಡ ಕಾರ್ಯಕ್ರಮಕ್ಕ ಜಗ್ಗಬ್ಯಾಡ್ರಿ, ಹಳೇ ಗೆಳೆಯಾರು ಇಬ್ರು ಮೂರು ಮಂದಿನ್ನ ಚಾಕ್ಕ ಮನೀಗೆ ಕರೀರಿ. ಎದಿ ಮ್ಯಾಲಿನ ಬ್ಯಾಟರಿ ಉಬ್ಬು ನೋಡಿ ಮುಟ್ಟಿದ್ರ ಕರೆಂಟ್ ಹೊಡೀತದೇನು ಅಂತ ಕೇಳೋರು ಇರ್ತಾರ, ಏನೂ ಆಗಂಗಿಲ್ಲ ಅಂತ ನೀವಾ ಮುಂದಾಗಿ ಹೇಳ್ರಿ. ನೀವೂ ವರ್ಷಗಟ್ಟಲೆ ಅವರ ಗುಂಡಿ ಹಾಕಿ, ಊಟ ಕಲಸಿ ಕೊಟ್ಟು ದಣದೀರಿ, ಈಗ ಅವರ ಕೆಲಸ ಅವರಿಗೆ ಬಿಟ್ಟು ಅರ್ಧಾ ತಾಸು ನಿಮಗಂತ ಇಟ್ಕೋರಿ.

– ಓದುಗರೊಬ್ಬರು, ಧಾರವಾಡ

*

ಒಂದೇ ಮಾತು, ನಾನು ಫಿಸಿಯೋಥೆರಪಿಸ್ಟ್. ಬೆನ್ನು ನೋವು, ಭುಜ ನೋವು ಅಂತ ಎಲ್ಲಾದ್ರೂ ಹೋದಾಗ ಡಯಾಥರ್ಮಿ ಅನ್ನೋ ಮಷೀನ್‌ನಿಂದ ಶಾಖ ಕೊಡೋಕೆ ಯಾವ ಕಾರಣಕ್ಕೂ ಬಿಡ್ಬೇಡಿ, ಡಿಬಿಎಸ್ ಇರೋರಿಗೆ ಅದು ಪ್ರಾಣಾಪಾಯ. ಎಂಆರ್‌ಐಗೂ ಮೊದ್ಲೇ ಡಿಬಿಎಸ್ ಡಾಕ್ಟ್ರನ್ನ ಕೇಳ್ಬೇಕು. ಸಾಧನದ ಕಾರ್ಡ್ ಕೊಟ್ಟಿರ್ತಾರೆ, ಆಫೀಸಿಗೆ ಹೋಗೋಕೆ ಶುರು ಮಾಡಿದ್ಮೇಲೆ ಅದು ಅವರ ಜೇಬಲ್ಲೇ ಇರ್ಲಿ.

– ಓದುಗರು, ಮಂಗಳೂರು