ಫ್ರಿಜ್ ಮುಟ್ಟಿದರೆ ಕೈ ಜುಮ್ ಅನ್ನುತ್ತಿದೆ, ಏನು ಮಾಡಲಿ?

ಬೆಟಗೇರಿ ಮನೆಮಗಳು:
ನಮ್ಮದು ಗದಗ-ಬೆಟಗೇರಿಯ ಹಳೇ ಮಾಳಿಗೆ ಮನೆ. ಹೋದ ವಾರ ಫ್ರಿಜ್ ತಂದೆವು. ಅಡುಗೆಮನೆಯಲ್ಲಿ ಎರಡು ತೂತಿನ ಹಳೇ ಪಾಯಿಂಟ್ ಒಂದೇ ಇದೆ. ಅದಕ್ಕೆ ಟೂ-ಪಿನ್ ಎಕ್ಸ್‌ಟೆನ್ಶನ್ ಬಾಕ್ಸ್ ಹಾಕಿ ಅದರಿಂದ ಕೊಟ್ಟಿದ್ದೇವೆ. ಮಿಕ್ಸಿಯೂ ಅದರಲ್ಲೇ. ನಿನ್ನೆ ಅವ್ವ ಫರಸಿ ಒರೆಸಿ, ಒದ್ದೆ ಕಾಲಲ್ಲೇ ಬಾಗಿಲು ತೆಗೆದಳು. ಕೈ ಜುಮ್ ಅಂತು. ತಗಡಿಗೆ ಟೆಸ್ಟರ್ ಹಿಡಿದರೆ ಮಂದವಾಗಿ ಉರಿಯುತ್ತೆ. ಅಂಗಡಿಯವರು ‘ಚಪ್ಪಲಿ ಹಾಕ್ಕೊಳ್ಳಿ, ಏನಾಗಲ್ಲ’ ಅಂದರು. ನನಗಂತೂ ಸಮಾಧಾನ ಇಲ್ಲ.

ಹುಬ್ಬಳ್ಳಿ ವೈರ್‌ಮನ್:
ತಂಗೀ, ಮೊದಲು ಸ್ವಿಚ್ ಆರಿಸಿ ಪ್ಲಗ್ ಕಿತ್ತಿಡಿ. ಹಾಲು ಕೆಟ್ಟರೆ ಕೆಡಲಿ.

ಪ್ಲಗ್ಗಿನ ಮೇಲಿನ ದಪ್ಪ, ಉದ್ದ ಪಿನ್ ಇದೆಯಲ್ಲ, ಅದೇ ಅರ್ಥಿಂಗ್, ಅಂದರೆ ಸೋರಿದ ಕರೆಂಟ್ ನೆಲಕ್ಕೆ ಇಳಿಯುವ ದಾರಿ. ಕೂಡಿಸುವಾಗ ಮೊದಲು ಅದು ತಾಗಲಿ, ಕೀಳುವಾಗ ಕೊನೆಗೆ ಬಿಡಲಿ ಅಂತಲೇ ಉದ್ದ ಇಟ್ಟಿರುತ್ತಾರೆ. ಫ್ರಿಜ್ಜಿನ ತಗಡು ಅದಕ್ಕೆ ಜೋಡಿಸಿರುತ್ತದೆ. ನಿಮ್ಮ ಬಾಕ್ಸಿನಲ್ಲಿ ಆ ದಾರಿಯೇ ಇಲ್ಲ. ಒಳಗೆ ಸೋರಿದ ಕರೆಂಟ್ ತಗಡಿನಲ್ಲಿ ಕೂತು, ಒದ್ದೆ ಕಾಲಲ್ಲಿ ಮುಟ್ಟಿದವರ ಮೈಯಿಂದ ನೆಲಕ್ಕೆ ಇಳಿಯುತ್ತದೆ. ಇವತ್ತು ಸೋರಿಕೆ ಚಿಕ್ಕದಿರಬಹುದು. ದೊಡ್ಡದಾಗುವಾಗ ಅದು ಹೇಳಿ ಬರುವುದಿಲ್ಲ.

ಮೇನ್ ಬೋರ್ಡಿನಿಂದ 2.5 ಚದರ ಮಿ.ಮೀ. ತಾಮ್ರದ ವೈರ್ ಎಳೆಸಿ, ಫ್ರಿಜ್ಜಿಗೇ ಅಂತ ಒಂದು ಮೂರು ಪಿನ್ ಪಾಯಿಂಟ್ ಮಾಡಿಸಿ. ಅರ್ಥಿನ ಹಸಿರು ವೈರ್ ನೆಲದಲ್ಲಿ ತೆಗೆದ ಅರ್ಥಿಂಗ್ ಗುಂಡಿಯವರೆಗೂ ಹೋಗಿದೆಯಾ ಅಂತ ನಿಂತು ನೋಡಿ. ಹಳೇ ಮನೆಗಳಲ್ಲಿ ಎಷ್ಟೋ ಸಲ ಅದು ಬೋರ್ಡಿನ ಹಿಂದೆಯೇ ಮುಗಿದಿರುತ್ತದೆ! ಫೇಸ್‌ಗೂ (ಕರೆಂಟ್ ಬರುವ ವೈರ್) ಅರ್ಥ್‌ಗೂ ನಡುವೆ ಬಲ್ಬ್ ಹಿಡಿದು ವೈರ್‌ಮನ್ ಪರೀಕ್ಷೆ ಮಾಡಲಿ. ಮಂಕಾಗಿ ಉರಿದರೆ ಅರ್ಥಿಂಗ್ ಸರಿಯಿಲ್ಲ. ನಿಮ್ಮ ಕಡೆ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತೆ ಅಲ್ವಾ? ಗುಂಡಿ ಒಣಗುತ್ತದೆ, ಆಗಾಗ ನೀರು ಹಾಕಿ.

ಇನ್ನೊಂದು. ಕೆಲವರು ಸಾಕೆಟ್ ಒಳಗೇ ಅರ್ಥನ್ನು ನ್ಯೂಟ್ರಲ್‌ಗೆ (ಕರೆಂಟ್ ವಾಪಸ್ ಹೋಗುವ ವೈರ್) ಕಟ್ಟಿ ‘ಆಯ್ತು’ ಅನ್ನುತ್ತಾರೆ. ಹಳೇ ಹುಬ್ಬಳ್ಳಿಯ ಒಂದು ಮನೆಯಲ್ಲಿ ಅದನ್ನು ನೋಡಿ ನನ್ನ ಕೈ ನಡುಗಿತ್ತು. ನ್ಯೂಟ್ರಲ್ ಎಲ್ಲಾದರೂ ಕಡಿದರೆ 230 ವೋಲ್ಟ್ ಪೂರ್ತಿ ತಗಡಿಗೇ ಬರುತ್ತದೆ. ಯಾರೇ ಹೇಳಲಿ, ಮಾಡಗೊಡಬೇಡಿ.

30 ಮಿಲಿಆಂಪ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ ಕೂಡ ಹಾಕಿಸಿ. ಇಂಥ ಸಣ್ಣ ಸೋರಿಕೆ ಎಂಸಿಬಿಗೆ (ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ ಬೀಳುವ ಸ್ವಿಚ್) ಗೊತ್ತಾಗುವುದಿಲ್ಲ. ಆಮೇಲೂ ಫ್ರಿಜ್ ಹಾಕಿದ ಕೂಡಲೇ ಅದು ಟ್ರಿಪ್ ಆದರೆ, ಕಂಪನಿ ಮೆಕ್ಯಾನಿಕ್‌ನನ್ನೇ ಕರೆಸಿ.

ಹಾವೇರಿ ಅಕ್ಕ:
ಮಿಕ್ಸಿ, ಫ್ರಿಜ್ ಎರಡನ್ನೂ ಒಂದೇ ಬಾಕ್ಸಿಗೆ ಹಾಕಿ ನಮ್ಮದು ಕರಗಿ ಹೋಯಿತು. ಕಂಪ್ರೆಸರ್ ಶುರುವಾಗುವ ಗಳಿಗೆ ಕರೆಂಟ್ ಜಾಸ್ತಿ ಎಳೆಯುತ್ತದೆ. ಕರೆಂಟ್ ಹೋಗಿ ಬಂದರೆ ಐದು ನಿಮಿಷ ಬಿಟ್ಟೇ ಫ್ರಿಜ್ ಹಾಕಿ.

ಬೆಟಗೇರಿ ಮನೆಮಗಳು:
ಅಣ್ಣಾ, ಅಕ್ಕಾ, ತುಂಬಾ ಉಪಕಾರ ಆಯಿತು. ನಮ್ಮ ಹಸಿರು ವೈರ್ ನಿಜಕ್ಕೂ ಬೋರ್ಡಿನ ಹಿಂದೆಯೇ ಸುತ್ತಿ ಬಿದ್ದಿತ್ತು. ಹಿತ್ತಲಲ್ಲಿ ಹೊಸ ಗುಂಡಿ ತೆಗೆಸಿ, ಇದ್ದಿಲು, ಉಪ್ಪು ತುಂಬಿಸಿದೆವು. ಆರ್‌ಸಿಸಿಬಿಯೂ ಬಂತು. ಈಗ ಟೆಸ್ಟರ್ ಉರಿಯುತ್ತಿಲ್ಲ. ಅವ್ವ ಮಾತ್ರ ಇನ್ನೂ ಸೆರಗಿಗೆ ಕೈ ಒರೆಸಿಕೊಂಡೇ ಬಾಗಿಲು ತೆಗೆಯುತ್ತಾಳೆ.