ಓಡಿಹೋಗಿದ್ದ ಆರೋಪಿ ಈಗ ಸಿಕ್ಕಿದ್ದಾನೆ, ಅಪ್ಪನ ಸಾಕ್ಷಿ ನಡೆಯುತ್ತದಾ?

ಪ್ರಶ್ನೆ (ರಾಣೇಬೆನ್ನೂರು ತಾಲೂಕು): ನಮಸ್ಕಾರ ಸರ್. 2015ರಲ್ಲಿ ಹೊಲದ ಬದುವಿನ ಜಗಳದಲ್ಲಿ ನಮ್ಮ ಅಪ್ಪನಿಗೆ ಕೊಡಲಿಯಿಂದ ಹೊಡೆದರು. ಮೂವರ ಮೇಲೆ 307 (ಕೊಲೆ ಯತ್ನ) ಕೇಸಾಯಿತು. ಒಬ್ಬ ಜಾಮೀನು ಪಡೆದು ಊರು ಬಿಟ್ಟ. ಉಳಿದಿಬ್ಬರಿಗೆ ಹಾವೇರಿ ಕೋರ್ಟಿನಲ್ಲಿ ಶಿಕ್ಷೆ ಆಯಿತು. ಓಡಿದವನನ್ನು ಪೊಲೀಸರು ಈಗ ಹಿಡಿದಿದ್ದಾರೆ. ಆದರೆ ಅಪ್ಪ ತೀರಿಕೊಂಡಿದ್ದಾರೆ. ಅವರು ಆಗ ಹೇಳಿದ ಸಾಕ್ಷಿ ಇವನ ಮೇಲೆ ನಡೆಯುತ್ತದಾ? ಇಷ್ಟು ವರ್ಷವಾದ್ದರಿಂದ ಕೇಸೇ ಬಿದ್ದುಹೋಗಿದೆ ಅಂತಾರೆ ಅವನ ಕಡೆಯವರು.

ಉತ್ತರ (ವಕೀಲರು, ಧಾರವಾಡ): ಕೇಸು ಬಿದ್ದಿಲ್ಲ ತಂಗಿ, ಆ ಮಾತು ನಂಬಬೇಡಿ. ಅವನ ಭಾಗವನ್ನು ಬೇರೆ ಮಾಡಿ ಸ್ಪ್ಲಿಟ್ ಅಪ್ ಕೇಸಾಗಿ ಇಟ್ಟಿರುತ್ತಾರೆ. ಅದು ಅವನಿಗಾಗಿಯೇ ಕಾಯುತ್ತಿರುತ್ತದೆ.

ಆದರೆ ಉಳಿದಿಬ್ಬರಿಗೆ ಶಿಕ್ಷೆ ಆಯಿತೆಂದು ಇವನಿಗೂ ತಾನಾಗಿಯೇ ಆಗುವುದಿಲ್ಲ. ಇವನ ಮೇಲೆ ವಿಚಾರಣೆ ಹೊಸದಾಗಿ ನಡೆಯಬೇಕು. ಅಪ್ಪ ಸಾಕ್ಷಿ ಹೇಳುವಾಗ ಇವನ ವಕೀಲರು ಪಾಟಿ ಸವಾಲು ಮಾಡಿಲ್ಲ, ಅಲ್ವಾ? ಹಾಗಾಗಿ ಅದು ಸುಮ್ನೆ ಇವನ ಮೇಲೆ ಬರುವುದಿಲ್ಲ. ಇದಕ್ಕೇ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 299ನೇ ಕಲಂ ಇದೆ. ಆರೋಪಿ ತಲೆಮರೆಸಿಕೊಂಡಿದ್ದಾನೆ, ಸದ್ಯಕ್ಕೆ ಸಿಗುವ ಹಾಗಿಲ್ಲ ಎಂದು ಕೋರ್ಟಿಗೆ ಖಾತ್ರಿಯಾದರೆ ಅವನಿಲ್ಲದೆಯೇ ಸಾಕ್ಷಿ ಬರೆದುಕೊಳ್ಳಬಹುದು. ಆ ಸಾಕ್ಷಿ ಹೇಳಿದವರು ಮುಂದೆ ತೀರಿಕೊಂಡರೆ, ಅದನ್ನು ಅವನ ವಿರುದ್ಧ ಬಳಸಬಹುದು. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ ಇದೇ 335ನೇ ಕಲಂ.

ನೀವು ಮೊದಲು ನೋಡಬೇಕಾದದ್ದು ಹಳೆಯ ಆರ್ಡರ್ ಶೀಟ್, ಅಂದರೆ ಕೇಸಿನಲ್ಲಿ ಕೋರ್ಟ್ ದಿನದಿನಕ್ಕೆ ಬರೆದಿಟ್ಟ ಆದೇಶಗಳ ಹಾಳೆ. 299ರಡಿ ಆದೇಶ ಆಗಿದೆಯಾ, ಹುಡುಕಿದ ಪೊಲೀಸರ ಹೇಳಿಕೆ ದಾಖಲಾಗಿದೆಯಾ ನೋಡಿ. ಎಷ್ಟೋ ಕೇಸುಗಳಲ್ಲಿ ಇದನ್ನು ಮರೆತಿರುತ್ತಾರೆ, ಅದಕ್ಕೆ ನನಗೆ ಬಹಳ ಬೇಸರವಿದೆ. ಮರೆತಿದ್ದರೂ ಕೈಚೆಲ್ಲಬೇಡಿ. ಗಾಯದ ಸರ್ಟಿಫಿಕೇಟ್ ಕೊಟ್ಟ ಡಾಕ್ಟರು, ಪೊಲೀಸರ ಮಹಜರಿಗೆ ಸಹಿ ಹಾಕಿದ ಪಂಚರು, ಕಣ್ಣಾರೆ ಕಂಡವರು ಇದ್ದಾರಲ್ಲ. ಅವರು ಈಗ ಎಲ್ಲಿದ್ದಾರೆಂದು ಬೇಗ ತಿಳಿದುಕೊಂಡು ಸರ್ಕಾರಿ ವಕೀಲರಿಗೆ ಹೇಳಿ. ಅವರಿಗೆ ನೆರವಾಗಲು ಕೋರ್ಟಿನ ಅನುಮತಿ ಪಡೆದು ನಿಮ್ಮದೇ ವಕೀಲರನ್ನೂ ಇಟ್ಟುಕೊಳ್ಳಬಹುದು. ಅವನು ಮತ್ತೆ ಜಾಮೀನು ಕೇಳಿದರೆ, ಹಿಂದೆ ಓಡಿಹೋದದ್ದೇ ವಿರೋಧಿಸಲು ದೊಡ್ಡ ಕಾರಣ.

ಇನ್ನೊಬ್ಬರು (ಗದಗ): ಸರ್, ಅವನಿಗೆ ಜಾಮೀನು ನಿಂತವರಿಗೆ ಏನೂ ಆಗಲ್ವಾ?

ಉತ್ತರ: ಬಾಂಡ್ ಮುಟ್ಟುಗೋಲಾಗುತ್ತದೆ. ಯಾಕೆ ಹಣ ವಸೂಲಿ ಮಾಡಬಾರದು ಎಂದು ಕೋರ್ಟ್ ನೋಟಿಸ್ ಕೊಡುತ್ತದೆ.

ಪ್ರಶ್ನೆ ಕೇಳಿದವರು: ಆರ್ಡರ್ ಶೀಟ್ ಎಲ್ಲಿ ಸಿಗುತ್ತದೆ ಸರ್?

ಉತ್ತರ: ಹಾವೇರಿ ಕೋರ್ಟಿನಲ್ಲೇ ನಕಲಿಗೆ ಅರ್ಜಿ ಹಾಕಿ. ಆ ಇಬ್ಬರು ಅಪೀಲು ಮಾಡಿದ್ದರೆ ಕಡತ ಧಾರವಾಡದ ಹೈಕೋರ್ಟ್ ಪೀಠಕ್ಕೆ ಬಂದಿರಬಹುದು, ಅದನ್ನೂ ವಿಚಾರಿಸಿ.