ಹೊಂಡದ ಕಾಟ್ಲಾಗೆ ಅಗಸೆ ಹಿಂಡಿ ಹಾಕಿದರೆ ಒಮೆಗಾ-3 ಏರುತ್ತಾ? ಅನುಭವ ಇದ್ದವರು ಹೇಳಿ

ಬಾಗಲಕೋಟೆಯಿಂದ, ಕೇಳಿದವರು:
ಅಪ್ಪನಿಗೆ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿನ ಕೊಬ್ಬು, ಜಾಸ್ತಿ ಬಂದಿದೆ. ಡಾಕ್ಟರ್ ಮಾತ್ರೆ ಕೊಟ್ಟು, ವಾರಕ್ಕೆರಡು ಸಲ ಮೀನು ತಿನ್ನಿ ಅಂದಿದ್ದಾರೆ. ನಮ್ಮ ಕೃಷಿ ಹೊಂಡದಲ್ಲೇ ಕಾಟ್ಲಾ, ರೋಹು ಇವೆ. ತೌಡು, ಶೇಂಗಾ ಹಿಂಡಿ ಹಾಕುತ್ತೇವೆ. ಒಂದು ಸಂಶೋಧನಾ ಲೇಖನ ಓದಿದೆ. ಅದರ ಪಟ್ಟಿಯಲ್ಲಿ ಕಾಟ್ಲಾದ ಡಿಎಚ್‌ಎ (ಮೀನಿನಲ್ಲಿರುವ ಒಂದು ಒಮೆಗಾ-3 ಕೊಬ್ಬಿನಾಮ್ಲ) ಶೇಕಡಾ ಲೆಕ್ಕ ಸಮುದ್ರದ ಮೀನಿನ ಹತ್ತಿರಹತ್ತಿರ ಇತ್ತು. ಹಾಗಾದರೆ ಬಂಗಡೆ ಹುಡುಕಿಕೊಂಡು ಹೋಗೋದ್ಯಾಕೆ, ಅಲ್ವಾ? ಶೇಂಗಾ ಬಿಟ್ಟು ಅಗಸೆ ಹಾಕಿದರೆ ಇನ್ನೂ ಏರುತ್ತಾ?

ವಿಜಯಪುರದಿಂದ:
ಅಕ್ಕಾರ, ನಾನು ಹಾಕಿ ನೋಡಿದ್ದೇನೆ. ಊಟದ ಅಗಸೆ ಹಿಂಡಿ (ಚಟ್ನಿಪುಡಿ) ಅಲ್ಲ, ಎಣ್ಣೆ ತೆಗೆದ ಮೇಲೆ ಉಳಿಯುವ ಗಾಣದ ಹಿಂಡಿ. ಒಳ್ಳೇದಾಗಲಿ ಅಂತ ದಿನಾ ಎರಡು ಬುಟ್ಟಿ ಸುರಿದೆ. ಅದು ನೆಂದು ಲೋಳೆ ಬಿಟ್ಟು ತಳಕ್ಕೆ ಕೂತಿತು, ಮೀನು ತಿಂದದ್ದಕ್ಕಿಂತ ಕೊಳೆತದ್ದೇ ಜಾಸ್ತಿ. ನೀರು ದಟ್ಟ ಹಸಿರಾಯಿತು. ಒಂದಿನ ಬೆಳಗಿನ ಜಾವ ಐದಕ್ಕೆ ಹೋದರೆ ಮೀನೆಲ್ಲ ಮೇಲೆ ಬಂದು ಬಾಯಿ ತೆರೆದು ಪಚ್ ಪಚ್ ಅನ್ನುತ್ತಿದ್ದವು. ರಾತ್ರಿಯೆಲ್ಲ ಪಾಚಿಯೂ ಆಕ್ಸಿಜನ್ ಎಳೆಯುತ್ತದೆ, ಕೊಳೆಯೋದಕ್ಕೂ ಅದೇ ಬೇಕು, ಬೆಳಗಾಗುವ ಹೊತ್ತಿಗೆ ನೀರಿನಲ್ಲಿ ಏನೂ ಉಳಿದಿರಲ್ಲ. ಪಂಪ್ ಹಚ್ಚಿ ಅದೇ ನೀರನ್ನು ಮೇಲಿಂದ ಚಿಮ್ಮಿಸಿ ಹೇಗೋ ಉಳಿಸಿಕೊಂಡೆ. ನಲವತ್ತು ಮೀನು ಹೋದವು. ಹಾಕೋದಾದರೆ ತೌಡಿನ ಜೊತೆ ಸ್ವಲ್ಪೇ ಕಲಸಿ, ಚೀಲದಲ್ಲಿ ತೂತು ಮಾಡಿ ಕಟ್ಟಿ. ಒಮೆಗಾ ಏರಿತೋ ಇಲ್ಲವೋ, ನಾನು ಲ್ಯಾಬಿಗೆ ಕೊಟ್ಟಿಲ್ಲ.

ಬೆಳಗಾವಿಯಿಂದ:
ನಾನು ಮಂಗಳೂರಿನಲ್ಲಿ ಮೀನುಗಾರಿಕೆ ಓದಿದವನು, ಆ ಪಟ್ಟಿಗಳ ಜೊತೆ ಗುದ್ದಾಡಿದ್ದೇನೆ. ನೀವು ಎಡವಿದ್ದು ಶೇಕಡಾದಲ್ಲಿ. ಲ್ಯಾಬಿನಲ್ಲಿ ಮೀನಿನ ಕೊಬ್ಬು ತೆಗೆದು, ಅದನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮಟೋಗ್ರಫಿ ಯಂತ್ರಕ್ಕೆ ಹಾಕಿ, ಇರುವ ಕೊಬ್ಬಿನಾಮ್ಲಗಳಲ್ಲಿ ಯಾವುದು ಎಷ್ಟು ಪಾಲು ಅಂತ ಬರೆಯುತ್ತಾರೆ. ಅದು ಕೊಬ್ಬಿನ ಪಾಲು, ಮಾಂಸದ ಪಾಲಲ್ಲ. ಲೆಕ್ಕಕ್ಕೆ ಹಿಡಿಯೋಣ: ಎರಡು ಮೀನಿನ ಕೊಬ್ಬಿನಲ್ಲೂ ಇಪಿಎ (ಡಿಎಚ್‌ಎ ಥರದ್ದೇ ಇನ್ನೊಂದು ಒಮೆಗಾ-3), ಡಿಎಚ್‌ಎ ಸೇರಿ ಶೇ. 15. ಒಂದರ 100 ಗ್ರಾಂ ಮಾಂಸದಲ್ಲಿ 2 ಗ್ರಾಂ ಕೊಬ್ಬು, ಇನ್ನೊಂದರಲ್ಲಿ 10 ಗ್ರಾಂ. ಮೊದಲನೆಯದರಲ್ಲಿ ಸಿಗೋದು ಸುಮಾರು 300 ಮಿಲಿಗ್ರಾಂ, ಎರಡನೆಯದರಲ್ಲಿ 1500! ನಮ್ಮ ಕಾಟ್ಲಾ, ರೋಹು ಕೊಬ್ಬು ಕಡಿಮೆ ಇರುವ ಮೀನು. ಸಮುದ್ರದ ಬೂತಾಯಿ, ಇಲ್ಲಿಯ ಬಾಯಲ್ಲಿ ತಾರ್ಲೆ, ಕೊಬ್ಬಿನ ಮೀನು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ಆಹಾರ ಪಟ್ಟಿಯಲ್ಲಿ 100 ಗ್ರಾಂ ತಿನ್ನುವ ಭಾಗಕ್ಕೆ ಎಷ್ಟು ಅಂತಲೇ ಇದೆ. ಅದನ್ನು ನೋಡಿ.

ಅಗಸೆ ವಿಷಯ. ಅದರಲ್ಲಿರೋದು ಎಎಲ್‌ಎ, ಗಿಡದ ಒಮೆಗಾ-3. ಕಾಟ್ಲಾ, ರೋಹು ಥರದ ಸಿಹಿನೀರಿನ ಮೀನು ಅದನ್ನು ಸ್ವಲ್ಪ ಮಟ್ಟಿಗೆ ಇಪಿಎ, ಡಿಎಚ್‌ಎ ಮಾಡಿಕೊಳ್ಳುತ್ತದೆ. ಶೇಂಗಾದಲ್ಲಿ ಎಎಲ್‌ಎ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ನಿಮ್ಮ ಯೋಚನೆ ದಡ್ಡತನವೇನಲ್ಲ. ಮೀನು ತಿಂದದ್ದೇ ಅದರ ಕೊಬ್ಬಾಗುತ್ತದೆ. ಸ್ಕಾಟ್ಲೆಂಡಿನ ಸಾಕಿದ ಸಾಲ್ಮನ್‌ಗೆ ಮೀನೆಣ್ಣೆ ಕಡಿಮೆ ಮಾಡಿ ಗಿಡದ ಎಣ್ಣೆ ಹಾಕುತ್ತ ಬಂದರು, 2006ರಿಂದ 2015ರ ಒಳಗೆ ಇಪಿಎ, ಡಿಎಚ್‌ಎ ಅರ್ಧಕ್ಕಿಳಿದಿತ್ತು ಅಂತ ಸ್ಟರ್ಲಿಂಗ್ ವಿಶ್ವವಿದ್ಯಾಲಯದವರು ತೋರಿಸಿದರು. ಆದರೆ ಕೊಬ್ಬೇ ಎರಡು ಗ್ರಾಂ ಇರುವ ಮೀನಿನಲ್ಲಿ ಎಷ್ಟು ಅಂತ ಏರಿಸ್ತೀರಿ? ಅದಕ್ಕಿಂತ ಹೊಂಡದ ನೀರು ತಿಳಿಹಸಿರಾಗಿ ಇರಲಿ. ಮೂಲದಲ್ಲಿ ಡಿಎಚ್‌ಎ ತಯಾರಾಗೋದೇ ಕಣ್ಣಿಗೆ ಕಾಣದ ಕೆಲವು ಪಾಚಿಗಳಲ್ಲಿ. ಅದನ್ನು ತಿಂದ ಸಣ್ಣ ಹುಳ, ಹುಳ ತಿಂದ ಮೀನು.

ಖಾನಾಪುರದ ಕಡೆಯಿಂದ:
ಇಷ್ಟೆಲ್ಲ ಲೆಕ್ಕ ಹಾಕಿ ಕೊನೆಗೆ ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸಬೇಡಿ ತಂಗಿ! ಕರಿದರೆ ಬಾಣಲೆಯ ಎಣ್ಣೆ ಮೀನೊಳಗೆ, ಮೀನಿನ ಎಣ್ಣೆ ಬಾಣಲೆಗೆ. ನಾವು ಕೋಕಂ ಹಾಕಿ ಸಾರು ಮಾಡ್ತೇವೆ. ತಾರ್ಲೆ ಕೊಳ್ಳುವಾಗ ಹೊಟ್ಟೆಯ ಹತ್ತಿರ ಹಳದಿ ಕಟ್ಟಿದ್ದರೆ, ಕಮಟು ವಾಸನೆ ಬಂದರೆ ಬಿಟ್ಟುಬಿಡಿ. ಕೊಬ್ಬಿನ ಮೀನು ಬೇಗ ಕೆಡುತ್ತದೆ. ಜೂನ್, ಜುಲೈ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ, ಆಗ ಬರೋದು ಹೆಚ್ಚಾಗಿ ಹಳೇ ಐಸ್ ಮಾಲು. ಮಳೆ ಮುಗಿದ ಮೇಲಿನ ತಾರ್ಲೆಯ ಜಿಡ್ಡು ಕೈಗೇ ಗೊತ್ತಾಗುತ್ತದೆ. ಅಪ್ಪನಿಗೆ ಯೂರಿಕ್ ಆ್ಯಸಿಡ್ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿಯೇ ಕೊಡಿ.

ಮುಧೋಳದಿಂದ:
ನಾವು ಮೀನು ಮುಟ್ಟಲ್ಲ. ರೊಟ್ಟಿಗೆ ಅಗಸೆ ಹಿಂಡಿ ದಿನಾ ಇರುತ್ತೆ, ಸಾಲದಾ?

ಬೆಳಗಾವಿಯಿಂದ:
ತಿನ್ನಿ, ಒಳ್ಳೇದೇ. ಆದರೆ ನಮ್ಮ ದೇಹ ಎಎಲ್‌ಎಯನ್ನು ಡಿಎಚ್‌ಎ ಮಾಡೋದು ತೀರಾ ಕಡಿಮೆ. ಪಾಚಿಯಿಂದ ತೆಗೆದ ಎಣ್ಣೆಯ ಕ್ಯಾಪ್ಸೂಲ್ ಇದೆ, ಡಾಕ್ಟರನ್ನು ಕೇಳಿ ನೋಡಿ.

ಬಾಗಲಕೋಟೆಯಿಂದ, ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಲೇಖನ ಮತ್ತೆ ತೆಗೆದು ನೋಡಿದೆ, ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಟ್ಟು ಕೊಬ್ಬಿನಾಮ್ಲದ ಶೇಕಡಾ ಅಂತಲೇ ಇದೆ! ಮಾತ್ರೆ ನಡೆಯುತ್ತಿರುತ್ತದೆ. ಹೊಂಡಕ್ಕೆ ಹಳೇ ಮೇವೇ ಇರಲಿ. ಭಾನುವಾರ ತಮ್ಮ ಬೆಳಗಾವಿಯಿಂದ ಐಸ್ ಡಬ್ಬಿಯಲ್ಲಿ ಎರಡು ಕೆಜಿ ತಾರ್ಲೆ ತರುತ್ತಾನೆ. ಅಷ್ಟು ಮುಳ್ಳು ಬಿಡಿಸಿಕೊಡೋರು ಯಾರು ಅಂತ ಅಮ್ಮ ಈಗಲೇ ಶುರು ಮಾಡಿದ್ದಾಳೆ.